ದೂರದ ಮಗನ ಪಾಲಿಗೆ ಬಂದ ಕೆಲಸ

ಎಲ್ಲರಿಗೂ ಯುಗಾದಿಯ ಶುಭಾಶಯಗಳು. ವಿಶ್ವಾವಸು ಮುಗಿದು ಪರಾಭವ ಸಂವತ್ಸರ ಬರುತ್ತಿದೆ. ಹೆಸರು ಕೇಳಿ ಗಾಬರಿಯಾಗಬೇಡಿ, ಅರವತ್ತು ವರ್ಷಕ್ಕೊಮ್ಮೆ ಅದರ ಸರದಿಯೂ ಬರಬೇಕಲ್ವಾ.

ಅಮೆರಿಕದ ಕೊಲಂಬಸ್ಸಿನ ನಮ್ಮ ಕನ್ನಡ ಕೂಟದ ಸಂಚಿಕೆಯ ಈ ಪುಟದಲ್ಲಿ ಸಾಮಾನ್ಯವಾಗಿ ವರ್ಷದ ಕಾರ್ಯಕ್ರಮಗಳ ವರದಿ, ಸ್ವಯಂಸೇವಕರಿಗೆ ಧನ್ಯವಾದ, ಸದಸ್ಯತ್ವದ ಹಣ ಬೇಗ ಕಟ್ಟಿ ಅನ್ನೋ ಮನವಿ ಇರುತ್ತದೆ. ಈ ಸಲ ಅವೆಲ್ಲ ಅಧ್ಯಕ್ಷರ ಪುಟಕ್ಕೆ ಹೋಗಿವೆ. ಕಳೆದ ವರ್ಷ ಮೈಸೂರಿನಲ್ಲಿ ನಮ್ಮ ಅಪ್ಪ ತೀರಿಕೊಂಡರು. ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಆಮೇಲೆ ನಾನು ಕಲಿತದ್ದರಲ್ಲಿ ಅರ್ಧ ಕಚೇರಿ ಕಾಗದದ್ದು, ಇನ್ನರ್ಧ ಮನೆಮಂದಿಯದ್ದು. ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಬೇರೆ ಮಾಡಲು ಹೋಗದೆ ಹಾಗೇ ಬರೆಯುತ್ತೇನೆ.

ನನ್ನ ಅಕ್ಕ ಮೈಸೂರಿನಲ್ಲೇ ಇರುವುದು. ಅಪ್ಪ ಅಮ್ಮನ ಮನೆಯಿಂದ ಸ್ಕೂಟರಿನಲ್ಲಿ ಹತ್ತು ನಿಮಿಷ. ಅಪ್ಪನಿಗೆ ಸ್ಟ್ರೋಕ್ ಆದ ದಿನ ಆಂಬುಲೆನ್ಸ್ ಕರೆಸಿದ್ದು, ಅಡ್ಮಿಟ್ ಮಾಡಿಸಿದ್ದು ಎಲ್ಲ ಅವಳೇ. ಅದಾದ ಮೇಲೆ ನನಗೆ ಫೋನ್ ಮಾಡಿದಳು. ಇಲ್ಲಿ ಕೊಲಂಬಸ್‌ನಲ್ಲಿ ನಡುರಾತ್ರಿ. ನಾನು ಒಂದೇ ಉಸಿರಿಗೆ ಪ್ರಶ್ನೆ ಶುರುಮಾಡಿದೆ. ಯಾವ ಡಾಕ್ಟರು, ಎಂಆರ್‌ಐ ಆಯ್ತಾ, ಬೆಂಗಳೂರಿಗೆ ಕರ್ಕೊಂಡು ಹೋಗೋಣವಾ. ಅವಳು ಅರ್ಧಕ್ಕೇ ತಡೆದಳು. "ಡಾಕ್ಟರ ಹತ್ತಿರ ನಾನು ಮಾತಾಡ್ತೀನಿ ಕಣೋ. ಇನ್ಶೂರೆನ್ಸ್ ನೀನು ನೋಡ್ಕೋ. ಎರಡೂ ನನ್ನ ಕೈಲಾಗಲ್ಲ."

ಹೊರದೇಶದಲ್ಲಿರುವ ಮಗನಿಗೆ ಇದಕ್ಕಿಂತ ಉಪಕಾರದ ಮಾತು ಇನ್ನೊಂದಿಲ್ಲ ಅಂತ ಈಗ ಅನಿಸುತ್ತದೆ. ಅವಳು ನನಗೊಂದು ಕೆಲಸ ಕೊಟ್ಟಳು. ಅದೂ ನಾನು ಇಲ್ಲಿಂದ ಮಾಡಬಹುದಾದ ಕೆಲಸ. ಬೇಸಿಗೆಯಲ್ಲಿ ನಮಗೂ ಊರಿಗೂ ಒಂಬತ್ತೂವರೆ ಗಂಟೆ ಅಂತರ. ಅಲ್ಲಿ ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರ್ ಬೆಳಗ್ಗೆ ತೆರೆಯುವ ಹೊತ್ತಿಗೆ ನಾನಿಲ್ಲಿ ಮಕ್ಕಳನ್ನು ಮಲಗಿಸಿ ಲ್ಯಾಪ್‌ಟಾಪ್ ತೆಗೆಯುತ್ತಿದ್ದೆ. ಪಾಲಿಸಿ ಕಾಪಿ, ಹಳೇ ಡಿಸ್ಚಾರ್ಜ್ ಸಮ್ಮರಿ, ಬಿ.ಪಿ. ಎಷ್ಟು ವರ್ಷದಿಂದ ಇದೆ ಅನ್ನುವ ಪತ್ರ, ಒಂದೊಂದಾಗಿ ಕಳಿಸುವುದು. ಉತ್ತರ ಬರದಿದ್ದರೆ ಫೋನ್ ಮಾಡುವುದು. ಆಗ ತಿಳಿದದ್ದು: 2024ರ ಮೇ ತಿಂಗಳ ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಅರ್ಜಿಗೆ, ಅಂದರೆ ಆಸ್ಪತ್ರೆಗೆ ಕಂಪನಿಯೇ ನೇರವಾಗಿ ಹಣ ಕಟ್ಟಲಿ ಅನ್ನುವ ಅರ್ಜಿಗೆ, ವಿಮಾ ಕಂಪನಿ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್ಚಾರ್ಜ್ ಸಮಯದ ಒಪ್ಪಿಗೆಗೆ ಮೂರು ಗಂಟೆ ಗಡುವು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿಗೆ ಹಣ ಹಾಕಿದರೆ ಅದು ಕಂಪನಿಯ ತಲೆ ಮೇಲೆ. ಆ ಸುತ್ತೋಲೆಯ ಹೆಸರು ಎತ್ತಿದ ತಕ್ಷಣ ಆ ಕಡೆಯ ಧ್ವನಿ ಸ್ವಲ್ಪ ಮೆತ್ತಗಾಗುತ್ತಿತ್ತು. ನೀವೂ ನೆನಪಿಟ್ಟುಕೊಳ್ಳಿ.

ಇಲ್ಲಿನ ಡಾಕ್ಟರುಗಳ ನಡುವೆ ಒಂದು ಮಾತಿದೆಯಂತೆ, 'ಕ್ಯಾಲಿಫೋರ್ನಿಯಾದ ಮಗಳು' ಅಂತ. 1991ರಲ್ಲಿ ವೃದ್ಧರ ವೈದ್ಯಕೀಯದ ಒಂದು ಅಮೆರಿಕನ್ ಪತ್ರಿಕೆಯಲ್ಲಿ ಆ ಬಗ್ಗೆ ಲೇಖನವೇ ಬಂದಿದೆ. ವಯಸ್ಸಾದ ತಂದೆಯೋ ತಾಯಿಯೋ ಕೊನೆಗಾಲದಲ್ಲಿರುತ್ತಾರೆ. ಜೊತೆಗಿದ್ದ ಮಕ್ಕಳೂ ಡಾಕ್ಟರೂ ಕೂತು ಮಾತಾಡಿ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ. ಅಷ್ಟರಲ್ಲಿ ದೂರದಿಂದ ಒಬ್ಬ ಮಗಳು ಬಂದಿಳಿದು, ಇದೇನು ಹೀಗೆ ಕೈಬಿಟ್ಟಿದ್ದೀರಿ, ಅದು ಮಾಡಿ ಇದು ಮಾಡಿ ಅಂತ ಎಲ್ಲವನ್ನೂ ತಲೆಕೆಳಗು ಮಾಡುತ್ತಾಳೆ. ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಲ್ಲಿ ಆಕೆಯನ್ನೇ ನ್ಯೂಯಾರ್ಕಿನ ಮಗಳು ಅನ್ನುತ್ತಾರಂತೆ. ಮಗಳೇ ಏಕೆ, ಮಗ ಯಾಕಲ್ಲ ಅಂತ ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಮ್ಮ ಕಡೆ ಈ ಪಾತ್ರ ಮಾಡುವವರು ಹೆಚ್ಚಾಗಿ ಅಮೆರಿಕದ ಗಂಡುಮಕ್ಕಳೇ. ಎರಡು ವಾರದ ರಜೆ ಹಾಕಿ ಬರುತ್ತೇವೆ. ಆ ಎರಡು ವಾರದಲ್ಲಿ ಅಡುಗೆಯವರನ್ನು ಬದಲಿಸುತ್ತೇವೆ, ಬಾತ್‌ರೂಮಿಗೆ ಹಿಡಿ ಹಾಕಿಸುತ್ತೇವೆ, ಮನೆ ಮಾರೋಣ ಅನ್ನುತ್ತೇವೆ. ಆಮೇಲೆ ವಿಮಾನ ಹತ್ತುತ್ತೇವೆ. ಆ ಹಿಡಿ ಸಡಿಲವಾದಾಗ ಪ್ಲಂಬರನ್ನು ಹುಡುಕುವವರು ಊರಲ್ಲಿರುವ ಅಕ್ಕತಂಗಿಯರು.

ಅಪ್ಪನಿಗೆ ನ್ಯುಮೋನಿಯಾ ಸೇರಿಕೊಂಡಿತು. ವೆಂಟಿಲೇಟರ್ ಹಾಕುವುದಾ ಬೇಡವಾ ಅಂತ ಡಾಕ್ಟರು ಕೇಳಿದರು. ಅಕ್ಕನೂ ಅಮ್ಮನೂ ಬೇಡ ಅಂದರು. ಅಪ್ಪ ಎಂದೋ ಊಟಕ್ಕೆ ಕೂತಾಗ, ತಮ್ಮ ಜೊತೆ ಮೇಷ್ಟ್ರಾಗಿದ್ದ ಒಬ್ಬರು ತಿಂಗಳುಗಟ್ಟಲೆ ಐಸಿಯುನಲ್ಲಿದ್ದ ಕತೆ ಹೇಳಿ, "ನನ್ನನ್ನ ಹಾಗೆ ಪೈಪು ಹಾಕಿ ಮಲಗಿಸಬೇಡ್ರಪ್ಪ" ಅಂದಿದ್ದರು. ಎಲ್ಲರ ಎದುರಿಗೇ ಅಂದಿದ್ದರು. ಹುಳಿ ಬಡಿಸಿಕೊಳ್ಳುತ್ತಾ ಆಡಿದ ಆ ಮಾತು ಇಲ್ಲದಿದ್ದರೆ ಅಕ್ಕ ಆ ಡಾಕ್ಟರ ಮುಂದೆ ಅಷ್ಟು ಗಟ್ಟಿಯಾಗಿ ನಿಲ್ಲೋಕೆ ಆಗುತ್ತಿರಲಿಲ್ಲ. ನಾನು ಫೋನಿನಲ್ಲಿ, ನೀವು ಹೇಳಿದ ಹಾಗೇ ಆಗಲಿ ಅಂದೆ. ನನ್ನಿಂದ ಅವರಿಗೆ ಬೇಕಿದ್ದುದೂ ಅಷ್ಟೇ.

ಈ ಮಾತನ್ನು ಕಾಗದದ ಮೇಲೆ ಬರೆದಿಡುವುದಕ್ಕೆ ಭಾರತದಲ್ಲಿ ಈಗ ದಾರಿ ಇದೆ. ಅರುಣಾ ಶಾನಭಾಗ್ ಹೆಸರು ನಿಮಗೆ ನೆನಪಿರಬಹುದು. ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ನರ್ಸ್ ಆಗಿದ್ದವರು. 1973ರಲ್ಲಿ ಅವರ ಮೇಲೆ ಹಲ್ಲೆಯಾಯಿತು. ನಂತರ 2015ರಲ್ಲಿ ತೀರಿಕೊಳ್ಳುವ ತನಕ ತಾವು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. 2011ರಲ್ಲಿ ಅವರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್, ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಬಹುದೇ ಅನ್ನುವ ಪ್ರಶ್ನೆಯನ್ನು ಕೈಗೆತ್ತಿಕೊಂಡದ್ದು. 2018ರಲ್ಲಿ 'ಲಿವಿಂಗ್ ವಿಲ್'ಗೆ ಮಾನ್ಯತೆ ಸಿಕ್ಕಿತು. ಆದರೆ ಮ್ಯಾಜಿಸ್ಟ್ರೇಟರ ಸಹಿ ಬೇಕು ಅಂತಿತ್ತು, ಹಾಗಾಗಿ ಹೆಚ್ಚು ಜನ ಆ ಗೋಜಿಗೆ ಹೋಗಲಿಲ್ಲ. 2023ರಲ್ಲಿ ಅದನ್ನು ಸಡಿಲ ಮಾಡಿದರು. ಇಬ್ಬರು ಸಾಕ್ಷಿಗಳು, ಒಬ್ಬ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಇದ್ದರೆ ಸಾಕು. ಇದನ್ನು ಆಸ್ಪತ್ರೆಗಳಲ್ಲಿ ಜಾರಿ ಮಾಡಲು 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಆದೇಶವನ್ನೂ ಹೊರಡಿಸಿತು. ಅಮ್ಮ ಈಗ ತಮ್ಮದನ್ನು ಬರೆಸಿದ್ದಾರೆ. ನಾನು ಹೇಳಿದ್ದಕ್ಕಲ್ಲ, ತಾವೇ ಅಕ್ಕನನ್ನು ಕರೆದುಕೊಂಡು ನೋಟರಿ ಹತ್ತಿರ ಹೋಗಿ ಬಂದರು.

ಅಪ್ಪ ಹೋದ ಸುದ್ದಿ ಬಂದಾಗ ನಾನಿನ್ನೂ ಕೊಲಂಬಸ್‌ನಲ್ಲೇ ಇದ್ದೆ. ನನಗಾಗಿ ಕಾಯುವುದು ಬೇಡ ಅಂತ ಅಮ್ಮನೇ ಹೇಳಿದರಂತೆ. ಅಕ್ಕನೇ ಕೊಳ್ಳಿ ಇಟ್ಟಳು. ಯಾರೋ ಒಬ್ಬರು ದೊಡ್ಡವರು, ಮಗ ಬರುತ್ತಿದ್ದಾನಲ್ಲ, ಅಂದರಂತೆ. "ಮಗಳು ಬಂದಾಗಿದೆ" ಅಂದರಂತೆ ಅಮ್ಮ. ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸುವಾಗ ನನಗೆ ಮೆಸೇಜು ಬಂತು. "ಎಲ್ಲ ಮುಗೀತು. ನಿಧಾನವಾಗಿ ಬಾ." ಸಂಚಯನ, ಪಶ್ಚಿಮವಾಹಿನಿ, ಮುಂದಿನ ಕರ್ಮಗಳಿಗೆ ನಾನಿದ್ದೆ. ಅದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಒಂದು ಮಾತ್ರ. ಅಮೆರಿಕದಲ್ಲಿ ಸಾವಿನ ರಜೆ ಕೊಡಲೇಬೇಕೆಂಬ ಕೇಂದ್ರ ಕಾನೂನು ಇಲ್ಲ. ಮೂರೋ ಐದೋ ದಿನ, ಕಂಪನಿ ಮನಸ್ಸು ಮಾಡಿದಷ್ಟು. ನಮಗೆ ಅದರಲ್ಲಿ ಹೋಗಿ ಬರುವುದೇ ಎರಡು ಮೂರು ದಿನ. ನಿಮ್ಮ ಕಂಪನಿಯ ನಿಯಮ ಏನು ಅಂತ ಈಗಲೇ ಓದಿಟ್ಟುಕೊಳ್ಳಿ.

ವಾಪಸು ಬಂದ ಮೇಲೆ ನಮ್ಮ ಕೂಟದವರು ಬಂದರು. ಒಬ್ಬರು ಅನ್ನ ಸಾರು ತಂದು, ಡಬ್ಬಿ ವಾಪಸು ಬೇಡ ಅಂದು ಬಾಗಿಲಲ್ಲೇ ಹೊರಟರು. ಇನ್ನೊಬ್ಬರು ನಮ್ಮ ಮನೆಯ ಹುಲ್ಲು ಕತ್ತರಿಸಿ ಹೋಗಿದ್ದರು, ಯಾರೆಂದು ಗೊತ್ತಾಗಲು ವಾರ ಬೇಕಾಯಿತು. "ಏನಾದ್ರೂ ಬೇಕಾದ್ರೆ ಹೇಳಿ" ಅನ್ನುವವರಿಗಿಂತ ಇಂಥವರು ಎಷ್ಟೋ ಮೇಲು. ಬೇಕಾದ್ದನ್ನು ಹೇಳುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ಇನ್ನು ನಮ್ಮವರ ಇನ್ನೊಂದು ಅಭ್ಯಾಸ ಇದೆಯಲ್ಲ: "ವಯಸ್ಸೆಷ್ಟಾಗಿತ್ತು? ಎಂಬತ್ತೆರಡಾ? ಹೋಗ್ಲಿ ಬಿಡಿ, ಒಳ್ಳೇ ವಯಸ್ಸು." ಕೇಳಿದವರ ಮೇಲೆ ನನಗೇನೂ ಕೋಪವಿಲ್ಲ. ಆದರೆ ಎಂಬತ್ತೆರಡು ಅಂದ ತಕ್ಷಣ ಅವರ ಮುಖದಲ್ಲಿ ಬರುವ ನಿರಾಳ ನೋಡಿದರೆ ಸ್ವಲ್ಪ ಕಮ್ಮಿ ಹೇಳೋಣ ಅನಿಸುತ್ತಿತ್ತು.

ಈಗ ಕಾಗದದ ವಿಷಯ. ಅಪ್ಪ ಹೈಸ್ಕೂಲ್ ಮೇಷ್ಟ್ರು. ನಿವೃತ್ತಿಯಾದ ಮೇಲೂ ಮನೆ ಲೆಕ್ಕವನ್ನು ಉದ್ದನೆಯ ಹಾಜರಿ ಪುಸ್ತಕದಲ್ಲೇ ಬರೆಯುತ್ತಿದ್ದರು. ಹುಡುಗರ ಹೆಸರು ಇರಬೇಕಾದ ಜಾಗದಲ್ಲಿ ಹಾಲು, ಪೇಪರ್, ಗ್ಯಾಸ್, ಕರೆಂಟು, ನೀರು, ಕಂದಾಯ. ಮೇಲೆ ತಿಂಗಳುಗಳು. ದುಡ್ಡು ಕಟ್ಟಿದ ತಿಂಗಳಿಗೆ ಒಂದು ಗೀಟು, ಕಟ್ಟದಿದ್ದರೆ ಕೆಂಪು ಇಂಕಿನಲ್ಲಿ 'ಗೈರು'. ಹಿಂದಿನ ಪುಟಗಳಲ್ಲಿ ಕರೆಂಟಿನ ಆರ್‌ಆರ್ ನಂಬರು, ಗ್ಯಾಸಿನ ಗ್ರಾಹಕ ಸಂಖ್ಯೆ, ಪಿಂಚಣಿಯ ಪಿಪಿಒ ನಂಬರು, ಎಲ್‌ಐಸಿ ಪಾಲಿಸಿಗಳು, ಠೇವಣಿಗಳು ಎಂದು ಮಾಗುತ್ತವೆ, ಯಾರಿಗೆ ಕೈಸಾಲ ಕೊಟ್ಟಿದ್ದಾರೆ, ಅವರಲ್ಲಿ ಯಾರು ವಾಪಸು ಕೊಡುವುದಿಲ್ಲ ಅನ್ನುವ ಅಂದಾಜು ಕೂಡ. ಒಬ್ಬರ ಹೆಸರಿನ ಮುಂದೆ 'ಕೇಳಬಾರದು' ಅಂತ ಬರೆದು ಅಡಿಗೆರೆ ಎಳೆದಿದ್ದರು. ನಾವು ಕೇಳಲಿಲ್ಲ.

ಆ ಪುಸ್ತಕ ಇದ್ದದ್ದರಿಂದ ನಮ್ಮ ವರ್ಷ ಬದುಕಿತು. ನನಗೆ ಗೊತ್ತಿರುವ ಬೇರೆ ಮನೆಗಳಲ್ಲಿ ಯಾವ ಬ್ಯಾಂಕಿನಲ್ಲಿ ಏನಿದೆ ಅಂತ ಹುಡುಕುವುದಕ್ಕೇ ತಿಂಗಳುಗಳು ಹೋಗಿವೆ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅದನ್ನು ಹುಡುಕಲು 2023ರಿಂದ 'ಉದ್ಗಮ್' ಅನ್ನುವ ಜಾಲತಾಣ ಇದೆ. ಆದರೆ ಮೇಷ್ಟ್ರ ಹಾಜರಿ ಪುಸ್ತಕ ಅದಕ್ಕಿಂತ ಸಲೀಸು.

ಮರಣ ಪ್ರಮಾಣಪತ್ರ ಕಷ್ಟವಾಗಲಿಲ್ಲ. 21 ದಿನದೊಳಗೆ ನೋಂದಾಯಿಸಿದರೆ ಶುಲ್ಕವೂ ಇಲ್ಲ. ಪ್ರತಿಗಳನ್ನು ಜಾಸ್ತಿಯೇ ತೆಗೆಸಿಕೊಳ್ಳಿ, ಎಲ್ಲರೂ ಒಂದೊಂದು ಕೇಳುತ್ತಾರೆ. ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿದೆವು. ತೊಡಕು ಶುರುವಾದದ್ದು ಹೆಸರುಗಳಲ್ಲಿ. ಅಪ್ಪನ ಸರ್ವಿಸ್ ರಿಜಿಸ್ಟರಿನಲ್ಲಿ ಎರಡು ಇನಿಷಿಯಲ್, ಆಧಾರಿನಲ್ಲಿ ಒಂದು, ಬ್ಯಾಂಕಿನಲ್ಲಿ ಊರಿನ ಹೆಸರು ಪೂರ್ತಿ ಬಿಡಿಸಿ. ಹುಣಸೂರಿನ ಕಡೆ ಇರುವ ನಮ್ಮ ಚೂರು ಜಮೀನಿನ ಪಹಣಿಯಲ್ಲಿ ಇನಿಷಿಯಲ್ಲೇ ಇಲ್ಲ, ಬರೀ ಹೆಸರು, 'ಬಿನ್' ಅಂತ ಹಾಕಿ ತಾತನ ಹೆಸರು. ಅಮ್ಮ ಒಂದು ಕಡೆ ಸರೋಜಾ, ಇನ್ನೊಂದು ಕಡೆ ಸರೋಜಮ್ಮ, ಪಿಂಚಣಿ ಕಾಗದದಲ್ಲಿ ಸರೋಜಮ್ಮನಿಗೆ ಒಂದು 'ಎ' ಜಾಸ್ತಿ. ಅಮೆರಿಕದ ಪಾಸ್‌ಪೋರ್ಟಿನಲ್ಲಿ ನನ್ನ ಕೊನೆಯ ಹೆಸರು ಅಪ್ಪನ ಹೆಸರು. ಅಪ್ಪನ ಕೊನೆಯ ಹೆಸರು ಅಂತ ಒಂದು ಇಲ್ಲವೇ ಇಲ್ಲ. ಅಪ್ಪನ ನಾಲ್ಕು ಹೆಸರಿನ ಈ ನಾಲ್ಕೂ ಜನ ಒಬ್ಬರೇ ಅಂತ ಅಫಿಡವಿಟ್ ಬರೆಸಿದ್ದಾಯ್ತು. ಅಪ್ಪ ಅಮ್ಮ ಇರುವಾಗಲೇ ಆಧಾರ್, ಪ್ಯಾನ್, ಬ್ಯಾಂಕ್, ಪಿಪಿಒ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಒಂದು ಸಲ ನೋಡಿಬಿಡಿ. ಒಂದು ಅಕ್ಷರ ಬದಲಿಸಲು ಇದ್ದವರ ಸಹಿ ಸಾಕು. ಹೋದ ಮೇಲೆ ಅದೇ ಅಕ್ಷರಕ್ಕೆ ಊರೆಲ್ಲ ಸುತ್ತಬೇಕು.

ನಮ್ಮ ಜನಕ್ಕೆ ಜಾಸ್ತಿ ಗೊಂದಲ ಇರುವುದು ನಾಮಿನಿ ವಿಷಯದಲ್ಲಿ. ನಾಮಿನಿ ಅಂದರೆ ಹಣ ಅವರದ್ದೇ ಅಂತ ತುಂಬಾ ಜನ ತಿಳಿದಿದ್ದಾರೆ. ಬ್ಯಾಂಕ್ ಠೇವಣಿಯಲ್ಲಿ ಹಾಗಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಷೇರುಗಳ ವಿಷಯದಲ್ಲಿ 2023ರಲ್ಲಿ ಅದೇ ಮಾತು ಹೇಳಿತು. ನಾಮಿನಿ ಹಣ ಪಡೆದುಕೊಳ್ಳಬಹುದು, ಆದರೆ ಅದು ಸೇರಬೇಕಾದ್ದು ವಾರಸುದಾರರಿಗೆ. ವಿಲ್ ಇದ್ದರೆ ವಿಲ್ ಪ್ರಕಾರ, ಇಲ್ಲದಿದ್ದರೆ ಕಾನೂನಿನ ಪ್ರಕಾರ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ಕು ಜನರ ತನಕ ನಾಮಿನಿ ಮಾಡಬಹುದು, ಇಷ್ಟಿಷ್ಟು ಪಾಲು ಅಂತ ಬರೆಯಲೂಬಹುದು. ಒಳ್ಳೆಯದೇ. ಆದರೂ ಒಂದು ವಿಲ್ ಇರಲಿ. ಅದಕ್ಕೆ ಸ್ಟಾಂಪ್ ಪೇಪರ್ ಬೇಡ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆ, ಕೈಬರಹ, ಇಬ್ಬರು ಸಾಕ್ಷಿಗಳ ಸಹಿ. ಅಪ್ಪ ಅಮ್ಮನ ಜಂಟಿ ಖಾತೆಗಳು 'ಇಬ್ಬರಲ್ಲಿ ಯಾರಾದರೂ ಅಥವಾ ಬದುಕುಳಿದವರು' ಅನ್ನುವ ಬಗೆಯವು. ಹಾಗಾಗಿ ಮನೆಖರ್ಚಿಗೆ ಒಂದು ದಿನವೂ ತೊಂದರೆ ಆಗಲಿಲ್ಲ. ಅಪ್ಪನ ಒಬ್ಬರದೇ ಖಾತೆ ಒಂದಿತ್ತು. ಎಟಿಎಂ ಕಾರ್ಡ್ ಇದೆಯಲ್ಲ, ಸುಮ್ನೆ ತೆಗೆದುಬಿಡಿ ಅಂತ ಸಲಹೆ ಕೊಟ್ಟವರು ಬಹಳ. ಹಾಗೆ ತೆಗೆಯುವುದು ಕಾನೂನಿಗೆ ವಿರುದ್ಧ. ಅಲ್ಲದೆ ಮುಂದೆ ಒಡಹುಟ್ಟಿದವರ ನಡುವೆ ಅನುಮಾನಕ್ಕೆ ಅದಕ್ಕಿಂತ ಒಳ್ಳೆಯ ಬೀಜ ಬೇಕಿಲ್ಲ.

ಇನ್ನು ಪವರ್ ಆಫ್ ಅಟಾರ್ನಿ. ಅಪ್ಪ ಕೊಟ್ಟ ಅಧಿಕಾರ ಅಪ್ಪನ ಜೊತೆಗೇ ಮುಗಿಯುತ್ತದೆ. ಅದನ್ನು ಹಿಡಿದುಕೊಂಡು ಆಮೇಲೆ ಏನೂ ಮಾಡುವಂತಿಲ್ಲ. ಮನೆಯನ್ನು ಅಮ್ಮನ ಹೆಸರಿಗೆ ಮಾಡಲು ನಾನೂ ಅಕ್ಕನೂ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕಿತ್ತು. ನನ್ನ ಪರವಾಗಿ ಸಹಿ ಮಾಡಲು ಚಿಕ್ಕಪ್ಪನ ಮಗನಿಗೆ ಇಲ್ಲಿಂದ ಹೊಸ ಪವರ್ ಕಳಿಸಿದೆ. ನೋಟರಿ ಮುಂದೆ ಸಹಿ, ಆಮೇಲೆ ಒಹಾಯೊ ರಾಜ್ಯದ ಕಚೇರಿಯಿಂದ ಅಪೋಸ್ಟಿಲ್, ಅಂದರೆ ಆ ನೋಟರಿಯ ಸಹಿ ಅಸಲಿ ಅಂತ ಬೇರೆ ದೇಶದವರು ಒಪ್ಪುವ ಪ್ರಮಾಣಪತ್ರ. ಭಾರತ 2005ರಿಂದ ಅಪೋಸ್ಟಿಲ್ ಒಪ್ಪುತ್ತದೆ. ಕಾಗದ ಅಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ. ಹುಣಸೂರಿನ ಜಮೀನಿಗೆ ಪೌತಿ ಖಾತೆಯ ಅರ್ಜಿ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಅರ್ಜಿ, ಹಾಕಿದ್ದೇವೆ. ನಾವು ಹೊರದೇಶದವರು ಕೃಷಿ ಜಮೀನು ಕೊಳ್ಳುವಂತಿಲ್ಲ, ಆದರೆ ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲೇ ಇರುವ ಭಾರತೀಯರಿಗೆ ಮಾತ್ರ.

ಆ ಜಮೀನಿನ ಮಾತು ಬಂದಾಗ ನೆಂಟರೊಬ್ಬರು ಒಂದು ಕಾಗದ ತಂದಿದ್ದರು. ಅಕ್ಕ ತನ್ನ ಪಾಲು ನನಗೆ ಬಿಟ್ಟುಕೊಡುವ ಕಾಗದ. ಅವರ ಲೆಕ್ಕದಲ್ಲಿ ಅದು ಉಪಕಾರ. ಹೆಣ್ಣುಮಕ್ಕಳು ಸಹಿ ಹಾಕಿಕೊಡುವುದು ಪದ್ಧತಿ, ಮಗ ದೂರದಲ್ಲಿದ್ದಾನೆ, ಈಗಲೇ ಮುಗಿಸೋಣ ಅಂತ. ಕರ್ನಾಟಕದಲ್ಲಿ 1994ರಲ್ಲೇ, ದೇಶಕ್ಕೆಲ್ಲ 2005ರಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದೆ. ಕಾನೂನು ಬಂದು ಇಷ್ಟು ವರ್ಷವಾದರೂ ಆ ಕಾಗದ ಮಾತ್ರ ಸಾವಿನ ಮನೆಗೆ ಹೂವಿನ ಹಾರಕ್ಕಿಂತ ಬೇಗ ಬರುತ್ತದೆ. ಅಕ್ಕ ನನ್ನ ಮುಖ ನೋಡಿದಳು. ನಾನು ಬೇಡ ಅಂದೆ, ಕಾಗದ ವಾಪಸು ಹೋಯಿತು. ಇದರಲ್ಲಿ ದೊಡ್ಡತನ ಏನೂ ಇಲ್ಲ. ಹದಿನೈದು ವರ್ಷ ಅಪ್ಪನ ಶುಗರ್ ಮಾತ್ರೆ ತಂದುಕೊಟ್ಟವಳ ಪಾಲನ್ನು, ದಸರಾಗೊಮ್ಮೆ ಬಂದು ಹೋಳಿಗೆ ತಿಂದು ಹೋದವನು ಇಸ್ಕೊಳ್ಳೋದು ಅಂದರೆ ಏನು? ನಿಮ್ಮ ಮನೆಗೂ ಅಂಥ ಕಾಗದ ಬರಬಹುದು, ಅದಕ್ಕೇ ಬರೆದೆ.

ಎಲ್ಲರೂ ಕೇಳುವ ಪ್ರಶ್ನೆ, "ಅಮ್ಮನ್ನ ಇಲ್ಲಿಗೇ ಕರ್ಕೊಂಡು ಬಂದುಬಿಡ್ತೀರಾ?" ನಾನೂ ಕೇಳಿದ್ದೆ. ಅಮ್ಮ ಅಂದರು, "ನಿಮ್ಮನೆ ಕಿಟಕೀಲಿ ನೋಡಿದ್ರೆ ಒಂದು ನರಪಿಳ್ಳೆ ಕಾಣಲ್ಲ. ಇಲ್ಲಾದ್ರೆ ಸೊಪ್ಪಿನವಳಾದ್ರೂ ಕೂಗ್ತಾಳೆ." ಲೆಕ್ಕ ಹಾಕಿ ನೋಡಿದರೂ ಅವರ ಮಾತೇ ಸರಿ. ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಗ್ರೀನ್ ಕಾರ್ಡ್ ಮಾಡಿಸಿದರೂ ಮೆಡಿಕೇರ್ (ವಯಸ್ಸಾದವರಿಗೆ ಇಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಕೊಳ್ಳಲು ಐದು ವರ್ಷ ಇಲ್ಲೇ ವಾಸ ಮಾಡಿರಬೇಕು. ಪ್ರವಾಸಿ ವಿಮೆಗಳು ಹಳೇ ಕಾಯಿಲೆಗಳನ್ನು ಬಹುಮಟ್ಟಿಗೆ ಹೊರಗಿಡುತ್ತವೆ. ಮಂಡಿ ನೋವು, ಬಿ.ಪಿ., ಥೈರಾಯ್ಡ್ ಇಲ್ಲದ ಅಮ್ಮಂದಿರು ಎಲ್ಲಿದ್ದಾರೆ ಹೇಳಿ. ಅಮ್ಮ ಸರಸ್ವತಿಪುರಂನಲ್ಲೇ ಇದ್ದಾರೆ. ಫೋನ್‌ಪೇ ಕಲಿತಿದ್ದಾರೆ. ಕಲಿಸಿದ್ದು ಪಕ್ಕದ ಮನೆಯ ಪಿಯುಸಿ ಹುಡುಗಿ, ನಾನಲ್ಲ. ಮೊದಲೆಲ್ಲ ಅಪ್ಪ ಮಾತಾಡಿ ಮುಗಿಸಿದ ಮೇಲೆ ಕೊನೆಯ ಎರಡು ನಿಮಿಷ ಫೋನ್ ಹಿಡಿಯುತ್ತಿದ್ದವರು. ಈಗ ಪೂರ್ತಿ ಕರೆ ಅವರದೇ. ಇಷ್ಟು ವರ್ಷ ಈ ಹೆಂಗಸು ಹಾಸ್ಯ ಎಲ್ಲಿ ಬಚ್ಚಿಟ್ಟಿದ್ದರು ಅಂತ ನನಗೂ ಅಕ್ಕನಿಗೂ ಆಶ್ಚರ್ಯ. ನವೆಂಬರಿನಲ್ಲಿ ಕುಟುಂಬ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಟ್ಟು ಬಂದು ಫೋನ್ ಮಾಡಿದರು. "ನಾನು ಬದುಕಿದ್ದೀನಿ ಅಂತ ಬ್ಯಾಂಕಿನವನೇ ಒಪ್ಪಿಕೊಂಡ, ಇನ್ನು ನೀನು ದಿನಾ ಎರಡು ಸಲ ಫೋನ್ ಮಾಡಿ ವಿಚಾರಿಸಬೇಡ."

ಈಗ ಕೂಟದ ವಿಷಯಕ್ಕೆ. ಈ ಸಂಚಿಕೆಯಲ್ಲಿ ಮಕ್ಕಳ ಚಿತ್ರಗಳಿವೆ, ಬೇವು ಬೆಲ್ಲದ ಮೇಲೆ ಎರಡು ಕವನಗಳಿವೆ, ಕನ್ನಡ ಶಾಲೆಯ ಫಲಿತಾಂಶ ಇದೆ. ಯುಗಾದಿ ಕಾರ್ಯಕ್ರಮದ ದಿನ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿರುತ್ತೇವೆ. ಊರಿನ ಕಾಗದಪತ್ರ, ವಿಲ್, ಪವರ್ ಆಫ್ ಅಟಾರ್ನಿ ಬಗ್ಗೆ ತಿಳಿದಿರುವ ನಮ್ಮ ಸದಸ್ಯರು ಅಲ್ಲಿ ಕೂತಿರುತ್ತಾರೆ. ಒಬ್ಬರು ನೋಟರಿಯೂ ಇದ್ದಾರೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಕರೆತನ್ನಿ, ಅವರ ಪರವಾಗಿ ನೀವು ಪ್ರಶ್ನೆ ಕೇಳಬೇಡಿ, ಅವರೇ ಕೇಳಲಿ. ಇದನ್ನು ಒಬ್ಬಟ್ಟಿನ ಊಟ ಆದ ಮೇಲೆ ಇಟ್ಟಿದ್ದೇವೆ. ಊಟಕ್ಕೆ ಮೊದಲು ವಿಲ್ ಅಂದರೆ ಒಬ್ಬರೂ ಆ ಕಡೆ ತಲೆ ಹಾಕುವುದಿಲ್ಲ ಅಂತ ನಮ್ಮ ಖಜಾಂಚಿಗಳ ಅಭಿಪ್ರಾಯ. ಒಬ್ಬಟ್ಟು ತಿಂದ ಮೇಲೆ ಎಚ್ಚರವಾಗಿ ಇರುವವರು ಎಷ್ಟು ಜನ ಅಂತ ನಾನು ಕೇಳಿದ್ದಕ್ಕೆ ಅವರಿನ್ನೂ ಉತ್ತರ ಕೊಟ್ಟಿಲ್ಲ.